ನಾಯಿ ಕರ್ಕೊಂಡು ತೋಟದ ಹೋಮ್‌ಸ್ಟೇಗೆ: ಮೊದಲ ಫೋನ್‌ನಿಂದ ಮನೆಗೆ ವಾಪಸಾಗುವ ತನಕ

ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಹೋಮ್‌ಸ್ಟೇಗೆ ಫೋನ್ ಮಾಡಿ ‘ನಮ್ಮ ಜೊತೆ ನಾಯಿ ಇದೆ, ಕರ್ಕೊಂಡು ಬರಬಹುದಾ?’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಬನ್ನಿ ಬನ್ನಿ, ನಮ್ಮಲ್ಲೂ ಇವೆ’ ಎಂದೇ. ಅಷ್ಟಕ್ಕೇ ಖುಷಿಯಾಗಿ ಮುಂಗಡ ಕಳಿಸಬಾರದು. ಒಂದು ಮನೆಯವರು ಹಾಗೆಂದರೆ ನಾಯಿ ನಿಮ್ಮ ಕೋಣೆಯಲ್ಲೇ ಮಲಗುತ್ತದೆ. ಇನ್ನೊಂದು ಮನೆಯಲ್ಲಿ ಜಗಲಿಯ ಕಂಬಕ್ಕೆ ಕಟ್ಟಬೇಕಾಗುತ್ತದೆ. ಮತ್ತೊಂದು ಕಡೆ ಕೊಟ್ಟಿಗೆ ಹಿಂದಿನ ಗೂಡು ತೋರಿಸಿ ‘ಇಲ್ಲಿ ಬಿಡಿ, ಏನೂ ಆಗಲ್ಲ’ ಎನ್ನುತ್ತಾರೆ. ಯಾರೂ ಸುಳ್ಳು ಹೇಳಿರುವುದಿಲ್ಲ. ತೋಟದ ಮನೆಯವರಿಗೆ ನಾಯಿ ಎಂದರೆ ಹೊರಗಿರುವ ಪ್ರಾಣಿ, ನಗರದವರಿಗೆ ಸೋಫಾ ಮೇಲಿರುವ ಪ್ರಾಣಿ. ಹೋಮ್‌ಸ್ಟೇಯಲ್ಲಿ ಆಗುವ ಜಗಳಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಹೋಟೆಲ್‌ನ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ ಎಂಬುದನ್ನೂ ಮೊದಲೇ ಅರಿತಿರಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮತ್ತು ಹೋಮ್‌ಸ್ಟೇ ಯೋಜನೆಯ ಪ್ರಕಾರ ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು, ಅತಿಥಿಗಳಿಗೆ ಕೊಡುವ ಕೋಣೆಗಳು 6ನ್ನು ಮೀರುವಂತಿಲ್ಲ. ಎಂದರೆ ನೀವು ಹೋಗುತ್ತಿರುವುದು ಒಬ್ಬರ ಮನೆಗೆ. ಅಲ್ಲಿ ಅವರ ನಾಯಿಗಳಿವೆ, ಕೋಳಿಗಳಿವೆ, ಕಣದಲ್ಲಿ ಒಣಗಲು ಹಾಕಿದ ಕಾಫಿ ಇದೆ, ಊಟದ ಮೇಜು ಎಲ್ಲರಿಗೂ ಒಂದೇ. ನಾಯಿಗೆ ಹೊಂದುವ ಮನೆ ಯಾವುದು ಎಂದು ಕೋಣೆಯ ಫೋಟೊ ನೋಡಿ ತಿಳಿಯುವುದಿಲ್ಲ. ಅಂಗಳದಲ್ಲಿ ಏನೇನಿದೆ ಎಂದು ಕೇಳಿದರೆ ತಿಳಿಯುತ್ತದೆ.

ಆದ್ದರಿಂದ ಬುಕಿಂಗ್ ಆ್ಯಪ್‌ನಲ್ಲಿ ‘ಪೆಟ್ ಫ್ರೆಂಡ್ಲಿ’ ಎಂದಿದ್ದರೂ ಮನೆಯವರ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಲೇಬೇಕು. ಮೊದಲು ನಿಮ್ಮ ನಾಯಿಯ ಜಾತಿ, ತೂಕ, ವಯಸ್ಸು, ಗಂಡೋ ಹೆಣ್ಣೋ ಎಂದು ನೀವೇ ಹೇಳಿಬಿಡಿ. ‘ಚಿಕ್ಕ ನಾಯಿ’ ಎಂದು ಹೇಳಿ 35 ಕೆ.ಜಿ. ಲ್ಯಾಬ್ರಡಾರ್ ಇಳಿಸಿದರೆ ಬಾಗಿಲಲ್ಲೇ ಮುಖ ಕೆಡುತ್ತದೆ. ಆಮೇಲೆ ಕೇಳಬೇಕಾದ್ದು: ‘ಅಕ್ಕ, ರಾತ್ರಿ ನಾಯಿ ನಮ್ಮ ಕೋಣೆ ಒಳಗೇ ಮಲಗಬಹುದಾ? ನಿಮ್ಮಲ್ಲಿ ಎಷ್ಟು ನಾಯಿ ಇವೆ, ಬಿಟ್ಟೇ ಇರ್ತಾವಾ, ಕಟ್ಟಿರ್ತೀರಾ? ಅವಕ್ಕೆ ರೇಬಿಸ್ ಲಸಿಕೆ ಆಗಿದೆಯಾ? ಕೋಳಿ ಬಿಟ್ಟಿರ್ತೀರಾ? ಆ ದಿನ ಬೇರೆ ಯಾರಾದರೂ ಬರ್ತಾ ಇದ್ದಾರಾ, ಮಕ್ಕಳು ಇದ್ದಾರಾ?’ ನಾಯಿಗೆ ಬೇರೆ ದುಡ್ಡು ತಗೊಳ್ತಾರಾ, ಊಟಕ್ಕೆ ಅನ್ನ ಮತ್ತು ಉಪ್ಪು ಹಾಕದೆ ಬೇಯಿಸಿದ ಕೋಳಿ ಕೊಡಲು ಆಗುತ್ತಾ ಎಂಬುದನ್ನೂ ಆಗಲೇ ಕೇಳಿ ಮುಗಿಸಿ. ಒಪ್ಪಿದ ಮಾತುಗಳನ್ನು ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಬರೆದು ಕಳಿಸಿದರೆ ಒಳ್ಳೆಯದು. ಫೋನಿನಲ್ಲಿ ಒಪ್ಪಿದವರು ಯಜಮಾನರಾಗಿದ್ದು, ನೀವು ಹೋದ ದಿನ ಮನೆಯಲ್ಲಿರುವವರು ಅವರ ಅತ್ತೆಯೋ ತೋಟದ ಕೆಲಸ ನೋಡಿಕೊಳ್ಳುವ ರೈಟರೋ ಆಗಿರುವುದು ಈ ಕಡೆ ಮಾಮೂಲು.

ರಾತ್ರಿ ಹೊರಗೆ ಕಟ್ಟಬೇಕು ಎನ್ನುವ ಮನೆ ಎಷ್ಟೇ ಚಂದವಿದ್ದರೂ ಬಿಟ್ಟುಬಿಡಿ. ಮಲೆನಾಡಿನಲ್ಲಿ ಚಿರತೆಗೆ ನಾಯಿ ಸುಲಭದ ಊಟ, ಅದರಲ್ಲೂ ಸರಪಳಿಗೆ ಕಟ್ಟಿದ ನಾಯಿ ಓಡಲೂ ಆರದು. ತೋಟದವರು ತಮ್ಮ ನಾಯಿಗಳನ್ನು ರಾತ್ರಿ ಗೂಡಿಗೆ ಹಾಕುವುದು ಇದಕ್ಕೇ. ಅವರ ನಾಯಿಗಳಿಗೆ ಆ ಜಾಗದ ವಾಸನೆ ಗೊತ್ತು, ಎಲ್ಲಿಗೆ ಓಡಬೇಕೆಂದು ಗೊತ್ತು. ನಗರದ ನಾಯಿಗೆ ಎರಡೂ ಗೊತ್ತಿಲ್ಲ.

ಯಾವ ತಿಂಗಳು ಹೋಗಬೇಕು ಎನ್ನುವುದಕ್ಕೆ ನಮ್ಮ ಉತ್ತರ ಅಕ್ಟೋಬರ್ ಕೊನೆ ಮತ್ತು ನವೆಂಬರ್. ಮಳೆ ಇಳಿದಿರುತ್ತದೆ, ಇಂಬಳ (ಜಿಗಣೆ) ಕಮ್ಮಿಯಾಗಿರುತ್ತದೆ, ಕಾಫಿ ಕಣ ಇನ್ನೂ ತುಂಬಿರುವುದಿಲ್ಲ. ಆದರೆ ಬೆಂಗಳೂರಿನ ಪಟಾಕಿ ಸದ್ದಿಗೆ ಹೆದರುವ ನಾಯಿಗಳನ್ನು ಕಟ್ಟಿಕೊಂಡು ದೀಪಾವಳಿಗೆ ತೋಟ ಸೇರುವವರು ಈಗ ಬಹಳ ಮಂದಿ, ಹಾಗಾಗಿ ಆ ವಾರಕ್ಕೆ ಬಹಳ ಮುಂಚೆಯೇ ಹೇಳಿಡಬೇಕು. ಪಟಾಕಿ ತಪ್ಪಿಸಲೆಂದು ಕೊಡಗಿಗೆ ಹೋಗುವವರು ಅಲ್ಲಿನ ಸುಗ್ಗಿ ಹಬ್ಬ ಹುತ್ತರಿ ಯಾವಾಗ ಬರುತ್ತದೆ ಎಂದೂ ನೋಡಿಕೊಳ್ಳಿ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುವ ಆ ಹಬ್ಬದ ರಾತ್ರಿ ಕದಿರು ಕೊಯ್ಯುವಾಗ ಕೋವಿಯಿಂದ ಗುಂಡು ಹಾರಿಸುವುದು ಸಂಪ್ರದಾಯ, ಪಟಾಕಿಯೂ ಇರುತ್ತದೆ.

ಹೊರಡುವ ಮುಂಚಿನ ತಯಾರಿಯಲ್ಲಿ ಲಸಿಕೆ ಮೊದಲು. ರೇಬಿಸ್ ಲಸಿಕೆ ಹಾಕಿಸಿದ ಪುಸ್ತಕ ಜೊತೆಗಿರಲಿ. ತುಂಬ ಜನ ಮರೆಯುವುದು ಲೆಪ್ಟೊಸ್ಪೈರೊಸಿಸ್ ಲಸಿಕೆಯನ್ನು. ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಬರುವ ಈ ರೋಗ ಮೂತ್ರಪಿಂಡ, ಯಕೃತ್ತು ಎರಡನ್ನೂ ಕೆಡಿಸುತ್ತದೆ, ಮನುಷ್ಯರಿಗೂ ಹರಡುತ್ತದೆ. ಗದ್ದೆ, ಕೆರೆ, ಕೊಟ್ಟಿಗೆ ಇರುವ ಕಡೆ ಅದು ಬೇಕೇ ಬೇಕು. ಮರಿಗಳ ಲಸಿಕೆಯ ಸರಣಿ ಮುಗಿಯುವುದು ಸುಮಾರು 16 ವಾರಕ್ಕೆ, ಅದಾದ ಮೇಲೂ ಎರಡು ವಾರ ಕಾಯುವುದು ಕ್ಷೇಮ. ಹೆಣ್ಣು ನಾಯಿ ಬೆದೆಗೆ ಬಂದಿದ್ದರೆ ಪ್ರವಾಸ ಮುಂದೂಡಿ. ತೋಟದ ಗಂಡು ನಾಯಿಗಳಷ್ಟೇ ಅಲ್ಲ, ಪಕ್ಕದಲ್ಲಿ ಕೆಲಸದವರು ಇರುವ ಲೈನ್ ಮನೆಗಳವೂ ರಾತ್ರಿಯಿಡೀ ನಿಮ್ಮ ಬಾಗಿಲಲ್ಲಿ ಇರುತ್ತವೆ.

ಎರಡನೆಯದು ರಕ್ತ ಹೀರುವ ಉಣ್ಣೆ (ಉಣುಗು). ಅಂಗಡಿಯ ಪೌಡರ್, ಬೇವಿನೆಣ್ಣೆ ತೋಟದ ಉಣ್ಣೆಗೆ ಏನೇನೂ ಸಾಲದು. ಉಣ್ಣೆ ಕೊಲ್ಲುವ ಫ್ಲುರಲಾನರ್ ಮಾತ್ರೆ ಸುಮಾರು 12 ವಾರ ಕೆಲಸ ಮಾಡುತ್ತದೆ, ಅಫೊಕ್ಸೊಲಾನರ್ ಒಂದು ತಿಂಗಳು. ಎರಡನ್ನೂ ತೂಕ ನೋಡಿಯೇ ಕೊಡಬೇಕು, ಫಿಟ್ಸ್ ಬರುವ ನಾಯಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಹೊರಡುವುದಕ್ಕೆ ಒಂದು ವಾರ ಮುಂಚೆ ಕೊಟ್ಟರೆ ವಾಂತಿ, ಭೇದಿ ಏನಾದರೂ ಆದರೆ ಮನೆಯಲ್ಲೇ ಗೊತ್ತಾಗುತ್ತದೆ. ಬೆನ್ನ ಮೇಲೆ ಹಚ್ಚುವ ಫಿಪ್ರೊನಿಲ್ ಬಳಸುವವರು ಹಚ್ಚುವ ಎರಡು ದಿನ ಮುಂಚೆ ಮತ್ತು ಎರಡು ದಿನ ಆಮೇಲೆ ಸ್ನಾನ ಮಾಡಿಸಬಾರದು. ಚರ್ಮದ ಎಣ್ಣೆಯಂಶದ ಮೂಲಕವೇ ಅದು ಮೈತುಂಬ ಹರಡಬೇಕು, ಶಾಂಪೂ ಹಾಕಿದರೆ ಆ ಎಣ್ಣೆಯೇ ಹೋಗಿಬಿಡುತ್ತದೆ. ಈ ಮಾತ್ರೆಗಳು ಉಣ್ಣೆಯನ್ನು ಓಡಿಸುವುದಿಲ್ಲ, ಕಚ್ಚಿದ ಮೇಲೆ ಕೊಲ್ಲುತ್ತವೆ. ಹಾಗಾಗಿ ಕೈಯಿಂದ ಹುಡುಕಿ ತೆಗೆಯುವ ಕೆಲಸ ತಪ್ಪುವುದಿಲ್ಲ.

ಚೀಲದಲ್ಲಿ ಇರಬೇಕಾದ್ದು ಹೆಚ್ಚೇನಲ್ಲ: ಎದೆಗೆ ಹಾಕುವ ಹಾರ್ನೆಸ್, 1.5 ಮೀಟರ್ ಹಗ್ಗ ಒಂದು, 8–10 ಮೀಟರ್‌ನ ಉದ್ದ ಹಗ್ಗ ಇನ್ನೊಂದು, ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ, ಅದು ದಿನಾ ಮಲಗುವ ತೊಳೆಯದ ಹಾಸಿಗೆ, ಮಂಚಕ್ಕೆ ಹಾಸಲು ನಿಮ್ಮದೇ ಹಳೆಯ ಬೆಡ್‌ಶೀಟ್, ಎರಡು ದಪ್ಪ ಟವೆಲ್, ಚಿಮಟ, ಉಪ್ಪು, ಗಾಜ್ ಬಟ್ಟೆ. ಒಂದು ಹೊತ್ತಿನ ಆಹಾರ ಲೆಕ್ಕಕ್ಕಿಂತ ಹೆಚ್ಚಿಗೆ ಇಟ್ಟುಕೊಳ್ಳಿ, ಮಳೆಗೆ ಮರ ಬಿದ್ದು ರಸ್ತೆ ಕಟ್ಟಿದರೆ ಬೇಕಾಗುತ್ತದೆ. ತೊಳೆಯದ ಹಾಸಿಗೆ ಯಾಕೆಂದರೆ, ಹೊಸ ಕೋಣೆಯಲ್ಲಿ ನಾಯಿ ನಿದ್ದೆ ಮಾಡುವುದು ತನ್ನ ವಾಸನೆ ಸಿಕ್ಕರೆ ಮಾತ್ರ.

ದಾರಿಯ ಬಗ್ಗೆ ಚುಟುಕಾಗಿ. ರೈಲಿನಲ್ಲಿ ನಾಯಿಯನ್ನು ನಿಮ್ಮ ಜೊತೆ ಇಟ್ಟುಕೊಳ್ಳಬೇಕಾದರೆ ಫಸ್ಟ್ ಎಸಿಯ ಕೂಪೆ ಅಥವಾ ಕ್ಯಾಬಿನ್ ಪೂರ್ತಿ ನಿಮ್ಮದಾಗಿರಬೇಕು, ಪಾರ್ಸೆಲ್ ಕಚೇರಿಯಲ್ಲಿ ನಾಯಿಗೆ ಬೇರೆ ಬುಕಿಂಗ್ ಆಗಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿಗೂಡೇ ಗತಿ, ನಾವಂತೂ ಅದನ್ನು ಹೇಳುವುದಿಲ್ಲ. ಕೊಡಗಿಗೆ ರೈಲೇ ಇಲ್ಲ. ಹಾಗಾಗಿ ಕಾರೇ ಸರಿ. ಹೊರಡುವ ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಹೆದ್ದಾರಿಯಲ್ಲಿ ಸುಮ್ಮನೆ ಮಲಗಿದ್ದ ನಾಯಿ ಕುಶಾಲನಗರ ದಾಟಿ ಮಡಿಕೇರಿ ಹತ್ತುವ ತಿರುವುಗಳಲ್ಲಿ ಜೊಲ್ಲು ಸುರಿಸಲು ಶುರು ಮಾಡುತ್ತದೆ, ಅದು ವಾಂತಿಯ ಮುನ್ಸೂಚನೆ. ತಿರುವು ಶುರುವಾಗುವ ಮುಂಚೆಯೇ ನಿಲ್ಲಿಸಿ ಹತ್ತು ನಿಮಿಷ ನಡೆಸಿ, ಕಿಟಕಿ ಎರಡು ಬೆರಳು ಇಳಿಸಿ. ಪದೇ ಪದೇ ವಾಂತಿ ಮಾಡುವ ನಾಯಿಗೆ ಮರೊಪಿಟೆಂಟ್ ಮಾತ್ರೆ ಇದೆ, ವೈದ್ಯರು ಬರೆದುಕೊಡುತ್ತಾರೆ. ಮನೆಯಲ್ಲಿರುವ ನಿಮ್ಮ ಮಾತ್ರೆಯನ್ನು ಮುರಿದು ಕೊಡಬೇಡಿ.

ವಯನಾಡಿಗೆ ಬಂಡೀಪುರದ ಮೇಲೆ ಹೋಗುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆ ಮುಚ್ಚಿರುತ್ತದೆ ಎಂದು ನೆನಪಿಡಿ. ಹಗಲಲ್ಲಿ ಕೂಡ ಕಾಡಿನೊಳಗೆ ಇಳಿದು ನಾಯಿಗೆ ಮೂತ್ರ ಮಾಡಿಸುವಂತಿಲ್ಲ, ಗುಂಡ್ಲುಪೇಟೆಯಲ್ಲೇ ಆ ಕೆಲಸ ಮುಗಿಸಬೇಕು. ರಾಷ್ಟ್ರೀಯ ಉದ್ಯಾನದ ಸಫಾರಿಗೂ ಕುದುರೆಮುಖದಂಥ ಚಾರಣಕ್ಕೂ ನಾಯಿ ಒಯ್ಯಲಾಗದು. ಸಾಕುನಾಯಿಯ ಡಿಸ್ಟೆಂಪರ್ ರೋಗ ಕಾಡಿನ ಸೀಳುನಾಯಿಗಳಿಗೆ ಅಂಟಿದರೆ ಹಿಂಡೇ ಹೋಗಬಹುದು. ಆದ್ದರಿಂದ ಸಫಾರಿಯ ಯೋಚನೆ ಇದ್ದರೆ ಮನೆಯಲ್ಲಿ ಒಬ್ಬರು ನಾಯಿ ಜೊತೆ ಉಳಿಯಬೇಕು.

ಮನೆ ತಲುಪುವ ಕ್ಷಣಕ್ಕೇ ಎಲ್ಲಕ್ಕಿಂತ ಹೆಚ್ಚು ಗಮನ ಬೇಕು. ಕಾರು ಸೀದಾ ಅಂಗಳಕ್ಕೆ ಹೋಗುತ್ತದೆ, ಮನೆಯ ನಾಲ್ಕು ನಾಯಿಗಳು ಬೊಗಳುತ್ತ ಚಕ್ರದ ಸುತ್ತ ತಿರುಗುತ್ತವೆ, ಮಾಲೀಕರು ‘ಏನೂ ಮಾಡಲ್ಲ, ಇಳೀರಿ’ ಎನ್ನುತ್ತಾರೆ, ಬಾಗಿಲು ತೆಗೆದ ಕೂಡಲೇ ಕಚ್ಚಾಟ. ಮನುಷ್ಯರಿಗೆ ಅವು ಏನೂ ಮಾಡುವುದಿಲ್ಲ, ನಿಜ. ಆದರೆ ಅಂಗಳ ಅವುಗಳ ಸರಹದ್ದು, ಅಲ್ಲಿಗೆ ದಿಢೀರನೆ ಬಂದ ನಾಯಿಯನ್ನು ಅವು ಸುಮ್ಮನೆ ಬಿಡುವುದಿಲ್ಲ. ಕೊನೆಯ ಪಟ್ಟಣದಲ್ಲೇ ಫೋನ್ ಮಾಡಿ ‘ಅರ್ಧ ಗಂಟೆಲಿ ಬರ್ತೀವಿ, ನಿಮ್ಮ ನಾಯಿ ಕಟ್ಟಿರಿ’ ಎಂದು ತಿಳಿಸಿ. ತೋಟದೊಳಗೆ ನೆಟ್‌ವರ್ಕ್ ಸಿಗುತ್ತದೆ ಎಂದು ನಂಬಬೇಡಿ.

ಕಾರನ್ನು ಗೇಟಿನ ಹೊರಗೇ ನಿಲ್ಲಿಸಿ ನಿಮ್ಮ ನಾಯಿಯನ್ನು ತೋಟದ ರಸ್ತೆಯಲ್ಲಿ ಹತ್ತು ನಿಮಿಷ ನಡೆಸಿ, ಮೂತ್ರ ಮುಗಿಯಲಿ. ಆಮೇಲೆ ಮನೆಯವರು ತಮ್ಮ ನಾಯಿಗಳಲ್ಲಿ ಸೌಮ್ಯವಾದ ಒಂದನ್ನು ಹಗ್ಗ ಹಾಕಿ ಹೊರಗೆ ತರಲಿ. ಎರಡನ್ನೂ ಹದಿನೈದು ಮೀಟರ್ ದೂರದಲ್ಲಿ ಒಂದೇ ದಿಕ್ಕಿಗೆ ನಡೆಸುತ್ತ ನಿಧಾನವಾಗಿ ಹತ್ತಿರ ತನ್ನಿ. ಎದುರುಬದುರು ತರಬೇಡಿ. ಹಗ್ಗ ಸಡಿಲವಿರಲಿ. ನೀವು ಹೆದರಿ ಹಗ್ಗ ಬಿಗಿದರೆ ನಾಯಿಯ ಎದೆ ಮೇಲೇಳುತ್ತದೆ, ಎದುರಿನದಕ್ಕೆ ಅದು ಜಗಳದ ಭಂಗಿಯಾಗಿ ಕಾಣುತ್ತದೆ. ಮೂರು ಸೆಕೆಂಡು ಮೂಸಲು ಬಿಟ್ಟು, ಕರೆದು ಬೇರೆ ಮಾಡಿ, ಮತ್ತೆ ಮೂಸಲು ಬಿಡಿ. ಮೈ ಸಡಿಲವಾಗಿ ಬಾಲ ಅಗಲಕ್ಕೆ ಆಡುತ್ತಿದ್ದರೆ ಸರಿ. ಬಾಲ ನೆಟ್ಟಗಾಗಿ, ಬಾಯಿ ಮುಚ್ಚಿ ಬಿಗಿದು, ಕಣ್ಣು ನೆಟ್ಟರೆ ಆ ನಾಯಿಯ ಜೊತೆ ಈ ಸಲ ಸ್ನೇಹ ಆಗುವುದಿಲ್ಲ, ಒಂದು ಹೊರಗಿದ್ದಾಗ ಇನ್ನೊಂದು ಒಳಗಿರಲಿ ಎಂದು ಸರದಿ ಮಾಡಿಕೊಳ್ಳಿ. ಒಂದರ ಪರಿಚಯ ಮುಗಿದ ಮೇಲೇ ಇನ್ನೊಂದು. ನಾಯಿಗಳಿಗೆ ಬಿಸ್ಕೆಟ್, ಚೆಂಡು, ಮೂಳೆ ಮಧ್ಯೆ ಎಸೆಯಬೇಡಿ. ಚೆನ್ನಾಗಿಯೇ ಇದ್ದ ನಾಯಿಗಳು ಕಚ್ಚಾಡುವುದು ಹೆಚ್ಚಾಗಿ ಊಟದ ಬಟ್ಟಲ ಹತ್ತಿರವೇ.

ಕೋಣೆಗೆ ಹೋಗುವಾಗಲೂ ಹಗ್ಗ ಬಿಚ್ಚಬೇಡಿ. ಗಂಡು ನಾಯಿ ಹೊಸ ಜಾಗದಲ್ಲಿ ಮೊದಲ ಐದು ನಿಮಿಷದಲ್ಲೇ ಮಂಚದ ಕಾಲಿಗೋ ಪರದೆಗೋ ಕಾಲೆತ್ತುತ್ತದೆ, ಅದರಲ್ಲೂ ಹಿಂದೆ ಅಲ್ಲಿ ನಾಯಿ ಇದ್ದು ಹೋಗಿದ್ದರೆ. ಎಲ್ಲ ಮೂಲೆ ಮೂಸಿ ಮುಗಿಸುವ ತನಕ ಹಗ್ಗ ಕೈಯಲ್ಲಿರಲಿ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಸುಂದರ, ಆದರೆ ಜಾರುತ್ತದೆ. ಸೊಂಟದ ತೊಂದರೆ ಇರುವ ಜರ್ಮನ್ ಶೆಫರ್ಡ್, ವಯಸ್ಸಾದ ಲ್ಯಾಬ್ ಇದ್ದರೆ ಯೋಗ ಮಾಡುವ ಮ್ಯಾಟ್ ಒಂದನ್ನು ಹಾಸಿಗೆಯಿಂದ ಬಾಗಿಲ ತನಕ ಹಾಕಿ. ಆ ನೆಲದ ಮೇಲೆ ಮೂತ್ರ ಒಣಗಿದರೆ ಮಚ್ಚೆ ಉಳಿಯುತ್ತದೆ, ಕೂಡಲೇ ನೀರು ಹಾಕಿ ಒರೆಸಿ ಮನೆಯವರಿಗೆ ತಿಳಿಸಿ.

ಬೆಳಗಿನ ತಿಂಡಿಯ ಹೊತ್ತು ಇನ್ನೊಂದು ಪರೀಕ್ಷೆ. ಅಕ್ಕಿರೊಟ್ಟಿ, ನೂಪುಟ್ಟು ಮೇಜಿಗೆ ಬರುವುದು ಎಲ್ಲ ಅತಿಥಿಗಳಿಗೂ ಒಟ್ಟಿಗೆ. ನಾಯಿಯನ್ನು ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಹೋದರೆ ಅಪರಿಚಿತ ಜಾಗವಾದ್ದರಿಂದ ಅದು ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ. ಹಳೆಯ ಬೀಟೆ, ತೇಗದ ಬಾಗಿಲಿಗೆ ಬಿದ್ದ ಉಗುರಿನ ಗೆರೆಗೆ ನೀವು ಕೊಟ್ಟ ಹೆಚ್ಚುವರಿ ದುಡ್ಡು ಸಾಲದು. ಮೊದಲ ದಿನ ಸರದಿಯಲ್ಲಿ ತಿನ್ನಿ. ಮೇಜಿನ ಹತ್ತಿರ ಕರೆದೊಯ್ಯುವುದಾದರೆ ಬೇರೆಯವರನ್ನು ಕೇಳಿ, ಅದಕ್ಕೆ ಮುಂಚೆಯೇ ಊಟ ಹಾಕಿ. ಮನೆಯವರು ಪ್ರೀತಿಯಿಂದ ಪಂದಿಕರಿಯ ತುಂಡು ಹಾಕಲು ಬರುತ್ತಾರೆ, ನಯವಾಗಿ ಬೇಡವೆನ್ನಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ, ಹಂದಿ ಕೊಬ್ಬಿನಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

ಇನ್ನು ತೋಟ. ಡಿಸೆಂಬರ್‌ನಿಂದ ಫೆಬ್ರುವರಿ ತನಕ ಕಣದಲ್ಲಿ ಕಾಫಿ, ಆಮೇಲೆ ಕಾಳುಮೆಣಸು. ಅದು ಮನೆಯವರ ವರ್ಷದ ಸಂಪಾದನೆ. ನಾಯಿ ಅದರ ಮೇಲೆ ಓಡಿದರೆ, ಮೂತ್ರ ಮಾಡಿದರೆ ಯಾವ ಮಾಲೀಕರೂ ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ. ನಾಯಿಗೂ ಅದು ಒಳ್ಳೆಯದಲ್ಲ. ಹಣ್ಣಾದ ಕಾಫಿಯ ಸಿಪ್ಪೆ ಸಿಹಿ, ಕೆಲವು ನಾಯಿಗಳು ಮುಕ್ಕುತ್ತವೆ. ಕೆಫೀನ್ ನಾಯಿಗೆ ವಿಷ. ಸುಮ್ಮನಿರದೆ ಓಡಾಡುವುದು, ಎದೆ ಹೊಡೆದುಕೊಳ್ಳುವುದು, ನಡುಕ ಕಂಡರೆ ಕಾಯದೆ ವೈದ್ಯರ ಹತ್ತಿರ ಹೋಗಬೇಕು.

ಮಳೆಗೆ ಮುಂಚೆ, ಮಳೆಯ ನಡುವೆ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ ನಡೆಯುತ್ತದೆ. ಅಡಿಕೆಗೆ ಹೊಡೆಯುವ ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಆ ನೀಲಿ ಡ್ರಮ್ಮುಗಳ ಹತ್ತಿರ ನಾಯಿ ಬಾಯಿ ಹಾಕದಂತೆ ನೋಡಿ. ಕೊಡಗಿನ ಕೆಲವು ಕಡೆ ಆಫ್ರಿಕನ್ ಬಸವನ ಹುಳುವಿಗೆ ಮೆಟಾಲ್ಡಿಹೈಡ್ ಎಂಬ ವಿಷ ಇಡುತ್ತಾರೆ. ಅದನ್ನು ತಿಂದ ನಾಯಿಗೆ ಕೆಲವೇ ಗಂಟೆಗಳಲ್ಲಿ ನಡುಕ, ಸೆಳೆತ ಶುರುವಾಗುತ್ತದೆ, ಪ್ರಾಣಕ್ಕೇ ಅಪಾಯ. ‘ಇತ್ತೀಚೆಗೆ ತೋಟಕ್ಕೆ ಏನಾದರೂ ಹೊಡೆದಿದ್ದೀರಾ, ಇಲಿಗೆ, ಹುಳುವಿಗೆ ಏನಾದರೂ ಇಟ್ಟಿದ್ದೀರಾ?’ ಎಂದು ಬಂದ ದಿನವೇ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ತೋಟ ಸುತ್ತುವಾಗ ಉದ್ದ ಹಗ್ಗ ಬಿಚ್ಚಲೇಬಾರದು. ‘ನಮ್ಮದು ಕರೆದರೆ ಬರುತ್ತದೆ’ ಎನ್ನುವವರಿಗೂ ಇದೇ ಮಾತು. ತೋಟದಂಚಿನಲ್ಲಿ ಕಾಡುಹಂದಿಗೆ ಯಾರೋ ಕದ್ದು ಇಟ್ಟ ತಂತಿ ಉರುಲು ಇರಬಹುದು. ಆನೆ ಇರಬಹುದು. ನಾಯಿ ಆನೆಯನ್ನು ಬೊಗಳಿ ಕೆಣಕಿ, ಅದು ಅಟ್ಟಿಸಿದಾಗ ಓಡಿ ಬರುವುದು ನಿಮ್ಮ ಕಡೆಗೇ. ಆಲೂರು, ಸಕಲೇಶಪುರ, ಕೊಡಗಿನ ಸಿದ್ದಾಪುರ ಸುತ್ತ ಬೆಳಗಿನ ನಡಿಗೆಗೆ ಹೊರಡುವ ಮುಂಚೆ ಆನೆ ಎಲ್ಲಿದೆ ಎಂದು ಮನೆಯವರನ್ನೋ ರೈಟರನ್ನೋ ಕೇಳಿ, ಅವರ ವಾಟ್ಸ್ಆ್ಯಪ್ ಗುಂಪಿಗೆ ಸುದ್ದಿ ಬಂದಿರುತ್ತದೆ. ತರಗೆಲೆ ರಾಶಿಯಲ್ಲಿ, ಕಾಫಿ ಗಿಡದ ಕೊಂಬೆಯಲ್ಲಿ ಮಂಡಲದ ಹಾವುಗಳಿರುತ್ತವೆ. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಕ್ಕೆ ಮಾತ್ರ, ಮಲೆನಾಡಿನ ಗುಳಿಮಂಡಲಗಳಿಗೆ ಅಲ್ಲ. ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ, ಭಾನುವಾರ ಯಾರು ಸಿಗುತ್ತಾರೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಪಶುಸಂಗೋಪನೆ ಇಲಾಖೆಯ ಸಹಾಯವಾಣಿ 1962.

ಇಂಬಳಕ್ಕೆ ಹೆದರಬೇಕಾಗಿಲ್ಲ, ಆದರೆ ಕಿತ್ತು ಎಳೆಯಬಾರದು. ಉಪ್ಪು ಮುಟ್ಟಿಸಿದರೆ ಬೀಳುತ್ತದೆ, ಅಥವಾ ಕಚ್ಚಿದ ಸಣ್ಣ ತುದಿಯ ಅಡಿ ಉಗುರು ತೂರಿಸಿ ಜಾರಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿ ಇರುವುದರಿಂದ ಆಮೇಲೂ ಸ್ವಲ್ಪ ಹೊತ್ತು ಸೋರುತ್ತದೆ, ಗಾಜ್ ಒತ್ತಿ ಹಿಡಿದರೆ ಸಾಕು. ತೋಟದ ಕೆಲಸದವರು ಕಾಲಿಗೆ ಹೊಗೆಸೊಪ್ಪು ಹಚ್ಚುತ್ತಾರೆ, ನಾಯಿಗೆ ಹಚ್ಚಬೇಡಿ, ಅದು ನೆಕ್ಕುತ್ತದೆ. ಹೆಚ್ಚು ತೊಂದರೆ ಮೂಗಿನೊಳಗೆ ಹೊಕ್ಕ ಇಂಬಳದ್ದು. ತೊರೆ ನೀರು ಕುಡಿದ ನಾಯಿಗೆ ಕೆಲವು ದಿನದ ಮೇಲೆ ಒಂದೇ ಹೊಳ್ಳೆಯಿಂದ ರಕ್ತ, ಬಿಡದ ಸೀನು ಬಂದರೆ ಅದೇ ಇರಬಹುದು. ಮೂಗಿಗೆ ಉಪ್ಪುನೀರು ಬಿಡಲು ಹೋಗದೆ ವೈದ್ಯರಿಂದ ತೆಗೆಸಿ.

ಬೇಸಿಗೆಯಲ್ಲಿ ಉಣ್ಣೆಯದು ಬೇರೆಯೇ ಲೆಕ್ಕ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ಒಳಗೆ. ನಾಯಿ ಕಾಡಂಚಿನಲ್ಲಿ ಮೈತುಂಬ ಉಣ್ಣೆ ಹತ್ತಿಸಿಕೊಂಡು ಬಂದು ನಿಮ್ಮ ಮಂಚ ಹತ್ತಿದರೆ ಅಪಾಯ ನಿಮಗೆ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಡೆ ಆ ತಿಂಗಳುಗಳಲ್ಲಿ ಹೋಗುವಾಗ ಮಂಗ ಸತ್ತಿರುವ ಸುದ್ದಿ ಇದೆಯಾ ಎಂದು ಕೇಳಿ, ಇದ್ದರೆ ಕಾಡಿನ ಕಡೆ ನಾಯಿಯನ್ನೂ ಒಯ್ಯಬೇಡಿ, ನೀವೂ ಹೋಗಬೇಡಿ.

ಹೊರಗಿನಿಂದ ಬಂದ ಮೇಲೆ ಒಂದು ಬಕೆಟ್ ಬಿಸಿನೀರು ಕೇಳಿ ಅಂಗಳದಲ್ಲೇ ಕಾಲು ತೊಳೆಯಿರಿ, ನಿಮ್ಮ ಟವೆಲ್ಲಿನಲ್ಲೇ ಒರೆಸಿ. ಕಿವಿಯ ಒಳಮಡಿಕೆ, ಬೆರಳ ಸಂದಿ, ಕಂಕುಳು, ಕುತ್ತಿಗೆ ಪಟ್ಟಿಯ ಅಡಿ, ಬಾಲದ ಬುಡ, ಈ ಐದು ಕಡೆ ದಿನಾ ಸಂಜೆ ಹುಡುಕಿ. ಉಣ್ಣೆಯನ್ನು ಚರ್ಮಕ್ಕೆ ಆದಷ್ಟು ಹತ್ತಿರ ಚಿಮಟದಿಂದ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಬಿಡುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ, ಸಾಯುವಾಗ ಅದು ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕುತ್ತದೆ. ಬೆರಳಲ್ಲಿ ಹಿಸುಕಬೇಡಿ, ಸೋಪುನೀರಿಗೆ ಹಾಕಿ.

ಹೊರಡುವ ದಿನ ಕೋಣೆ ಗುಡಿಸಿ, ನಿಮ್ಮ ಬೆಡ್‌ಶೀಟ್ ಮಡಚಿ, ನಾಯಿಯ ಮಲವನ್ನು ಕಾಗದದಲ್ಲಿ ಎತ್ತಿ ಮನೆಯವರು ಹೇಳಿದ ಗುಂಡಿಗೆ ಹಾಕಿ. ತೋಟವಲ್ಲವೇ, ಗೊಬ್ಬರವಾಗುತ್ತದೆ ಎಂದು ಗಿಡದ ಬುಡದಲ್ಲಿ ಬಿಡುವವರಿದ್ದಾರೆ. ಆ ಬುಡಗಳಲ್ಲಿ ನಾಳೆ ಬೆಳಿಗ್ಗೆ ಬರಿಗೈಯಲ್ಲಿ ಕಾಫಿ ಆಯುವವರೂ ಇದ್ದಾರೆ. ಏನಾದರೂ ಹಾಳಾಗಿದ್ದರೆ ಅವರು ನೋಡುವ ಮುಂಚೆ ನೀವೇ ತೋರಿಸಿ, ಎಷ್ಟಾಗುತ್ತದೆ ಎಂದು ಕೇಳಿ ದುಡ್ಡು ಕೊಡಿ. ಮುಂದಿನ ಸಲ ನಾಯಿ ಜೊತೆ ಬರುವವರಿಗೆ ಅವರು ‘ಬನ್ನಿ’ ಎನ್ನಬೇಕಲ್ಲ.

ಮನೆಗೆ ಬಂದ ಮೇಲೆ ಮೂರು ವಾರ ಕಣ್ಣಿಡಿ. ಉಣ್ಣೆಯಿಂದ ಬರುವ ಎರ್ಲಿಕಿಯಾ, ಬಬೇಸಿಯಾ ಸೋಂಕುಗಳೆರಡೂ ಅದು ಕಚ್ಚಿದ ಒಂದರಿಂದ ಮೂರು ವಾರಕ್ಕೆ ತಲೆ ಎತ್ತುತ್ತವೆ. ಊಟ ಬಿಡುವುದು, ಜ್ವರ, ಬಿಳಿಚಿದ ವಸಡು, ಕಾಫಿ ಬಣ್ಣದ ಮೂತ್ರ, ಹೊಟ್ಟೆಯ ಚರ್ಮದಲ್ಲಿ ಸಣ್ಣ ಕೆಂಪು ಚುಕ್ಕೆ ಇವುಗಳಲ್ಲಿ ಒಂದು ಕಂಡರೂ ಅಂದೇ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಸಂಖ್ಯೆ ನೋಡಲು ಹೇಳಿ. ಮಲೆನಾಡಿನ ತೋಟಕ್ಕೆ ಹೋಗಿ ಬಂದದ್ದನ್ನು, ಯಾವ ತಾರೀಖು ಎಂಬುದನ್ನೂ ಸೇರಿಸಿ, ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಬೇಕು. ಹೇಳದಿದ್ದರೆ ನಗರದ ಕ್ಲಿನಿಕ್ಕಿನಲ್ಲಿ ಅದು ಬರೀ ಹೊಟ್ಟೆ ಕೆಟ್ಟದ್ದಾಗಿ ಎರಡು ದಿನ ಕಳೆದುಬಿಡಬಹುದು.